ಅಡಿಹಲಗೆ

"ಬಿಡೇ ಮುಂಡೆ. ಸಾಯೋಳಿಗ್ಯಾಕೆ ಕಂಬ್ಳಿ?"

ಸ್ಪೇನಿನ ಮೇಸ್ತ್ರಿ ಬೆರ್ಮುದೋ ಕಂಬಳಿಯ ಒಂದು ತುದಿ ಹಿಡಿದು ಜಗ್ಗುತ್ತಿದ್ದ. ಇನ್ನೊಂದು ತುದಿ ಚಿಂಪುವಿನ ಕೈಯಲ್ಲಿತ್ತು. ನಡುವೆ, ಒದ್ದೆ ನೆಲದ ಮೇಲೆ, ಅವಳ ತಂಗಿ ಟಿಕಾ ಚಳಿಜ್ವರದಲ್ಲಿ ಹಲ್ಲು ಕಟಕಟಿಸುತ್ತ ಮುದುಡಿಕೊಂಡಿದ್ದಳು.

"ಇನ್ನೂ ಉಸ್ರಾಡ್ತಾವ್ಳೆ ದಣಿ. ಬಿಸ್ಲು ಬರೋಗಂಟ ಬುಟ್ಬುಡಿ."

"ಅವ್ಳು ನಡುಗ್ತಾವ್ಳೆ ಅಂತ ನಮ್ ದೋಣಿ ನಿಲ್ಬೇಕಾ?"

ಅವನು ಬೂಟುಗಾಲಿನಲ್ಲಿ ಚಿಂಪುವಿನ ಮಣಿಕಟ್ಟು ಮೆಟ್ಟಿದ. ಕಂಬಳಿ ಅವನ ಕೈಸೇರಿತು.

ಕೆಳಗಿನ ಕಾಡಿನಾಚೆ ಚಿನ್ನದ ನಾಡಿದೆ ಎಂದು ಸ್ಪೇನಿನ ದಳವಾಯಿ ಚಿಂಪುವಿನ ಜನರನ್ನೆಲ್ಲ ಬೆಟ್ಟದ ಸೀಮೆಯಿಂದ ಹೊರೆ ಹೊರಿಸಿ ಇಳಿಸಿಕೊಂಡು ಬಂದು ಎಂಟು ತಿಂಗಳಾಗಿತ್ತು. ಚಿನ್ನ ಸಿಗಲಿಲ್ಲ. ತಣ್ಣನೆಯ ಗಾಳಿಯಲ್ಲಿ ಬೆಳೆದ ಜನ ಈ ಸೆಕೆಗೆ ಹುಳುಗಳಂತೆ ಉದುರಿದರು. ಸರಪಳಿಯ ಸಾಲಿನಲ್ಲಿ ಯಾರಾದರೂ ಕುಸಿದರೆ ಕೊರಳಪಟ್ಟಿ ಬಿಚ್ಚುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ, ಕೊರಳನ್ನೇ ಕಡಿಯುತ್ತಿದ್ದರು. ಚಿಂಪುವಿನ ಗಂಡ ಹಾಗೇ ಹೋದ. ಈಗ ಕುದುರೆಗಳನ್ನೂ ತಿಂದು ಮುಗಿಸಿ, ಲಾಳ ಕಾಯಿಸಿ ಮೊಳೆ ಬಡಿದು, ಹೊಳೆದಂಡೆಯಲ್ಲಿ ದೋಣಿ ಕಟ್ಟುತ್ತಿದ್ದರು. ಹಲಗೆಗಳ ಸಂದಿಗೆ ತುರುಕಲು ಬಟ್ಟೆ ಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಟಿಕಾಳ ಮೈ ತಣ್ಣಗಾಗಿ ಉಸಿರು ನಿಂತಿತು. ಪಾದ್ರಿ ಬಂದು ಹಣೆಗೆ ಜ್ಞಾನಸ್ನಾನದ ನೀರು ಚಿಮುಕಿಸಿದ.

"ಹೆಸ್ರೇನು?"

"ಟಿಕಾ."

"ಇನ್ಮ್ಯಾಕೆ ಇವ್ಳು ಮರಿಯಾ."

"ಆ ಹೆಸ್ರಲ್ಲಿ ಇವ್ಳನ್ನ ಯಾರ್ ಕರೀತಾರೆ ಸ್ವಾಮಿ?"

ಪಾದ್ರಿ ಎದ್ದು ನಿಂತ. ಕೆಲಸದ ಕಡೆಗೆ ಕೈ ತೋರಿಸಿದ.

ಅವ್ವ ನೇಯ್ದ ಕಂಬಳಿಯನ್ನು ಚಿಂಪು ತಾನೇ ಹರಿದು ಎಳೆ ಮಾಡಬೇಕಾಯಿತು. ಒಂದು ಮುಷ್ಟಿ ಎಳೆಯನ್ನು ತಂಗಿಯ ಎದೆಯ ಮೇಲಿಟ್ಟು ಸೊಪ್ಪು ಮುಚ್ಚಿ ಬಂದಳು. ಆಮೇಲೆ ದೋಣಿಯ ಹೊಟ್ಟೆಯಡಿ ತೆವಳಿದಳು. ಮೈ ದಪ್ಪಗಿದ್ದ ಬೆರ್ಮುದೋ ಅಲ್ಲಿಗೆ ತೂರಲಾರ. ಅಡಿಹಲಗೆಯ ಸಂದಿಗೆ ಅವಳು ಕಂಬಳಿಯ ಎಳೆಯ ಬದಲು ಕೊಳೆತ ಎಲೆಯನ್ನೂ ಕೆಸರನ್ನೂ ತುರುಕಿದಳು. ಮೇಲೆ ಮರದ ಅಂಟನ್ನು ನಯವಾಗಿ ಬಳಿದಳು.

ಪಕ್ಕದಲ್ಲಿ ಅಂಟಿನ ಮಡಕೆ ಹಿಡಿದಿದ್ದ ಮುದುಕಿ ರವಾ ನೋಡಿಬಿಟ್ಟಳು.

"ಏನೇ ಮಾಡ್ತಿದ್ದೀಯ?"

"ಸಂದಿ ಮುಚ್ತಿವ್ನಿ."

"ಅಡುಗೆಗೆ ಅಂತ ನಮ್ಮುನ್ನೂ ಇದ್ರಲ್ಲೇ ಕೂರುಸ್ತಾರೆ, ಗೊತ್ತೇನೆ? ನಂಗೂ ಈಜು ಬರಲ್ಲ, ನಿಂಗೂ ಬರಲ್ಲ."

"ಗೊತ್ತವ್ವ."

ರವಾ ಮಡಕೆಯ ಅಂಟನ್ನು ಒಮ್ಮೆ ಕಲಕಿದಳು. "ಆ ಬೋಳಿಮಗ ಮೇಸ್ತ್ರಿ ಹತ್ತಿದ್ರೆ ಸಾಕು," ಎಂದು ಒಂದು ಹಿಡಿ ಕೊಳೆತ ಎಲೆ ಅವಳ ಕೈಗಿಟ್ಟಳು.

ಮೂರನೆಯ ದಿನ ದೋಣಿ ನೀರಿಗಿಳಿಯಿತು. ಮುಂದೆ ಊಟ ಸಿಗುವ ಹಳ್ಳಿ ಹುಡುಕಲು ಇಪ್ಪತ್ತು ಸಿಪಾಯಿಗಳು ಕೋವಿ, ಕತ್ತಿ, ಕಬ್ಬಿಣದ ಅಂಗಿಗಳ ಸಮೇತ ಹತ್ತಿದರು. ಬೆರ್ಮುದೋ ಹತ್ತಿದ. ದಂಡೆಯಲ್ಲಿ ಉಳಿದ ಹೊರೆಯಾಳುಗಳನ್ನು ಪಾದ್ರಿ ಪ್ರಾರ್ಥನೆಗೆ ಮೊಣಕಾಲೂರಿಸಿದ. ಚಿಂಪು, ರವಾ ಇಬ್ಬರನ್ನೂ ದೋಣಿಯ ತಳದಲ್ಲಿ, ಸಾಮಾನಿನ ನಡುವೆ ಕೂರಿಸಿದರು.

ನಡುಹೊಳೆಯ ಸೆಳವು ದೋಣಿಯನ್ನು ಹಿಡಿದಾಗ ಚಿಂಪುವಿನ ಅಂಗಾಲಿಗೆ ನೀರು ತಣ್ಣಗೆ ತಾಗಿತು. ಬೆರ್ಮುದೋ ತಿರುಗಿದ.

"ಅಡೀಲಿ ನೀರು ಬತ್ತೈತೇನೇ?"

"ಇಲ್ಲ ದಣಿ," ಎಂದಳು ರವಾ.

ಚಿಂಪು ನೀರು ಕಾಣದಂತೆ ಲಂಗ ಹರಡಿಕೊಂಡು ಹಿಮ್ಮಡಿಯನ್ನು ಸಂದಿಗೆ ಒತ್ತಿದಳು. ಕೆಸರು ಮೆತ್ತಗೆ ಹೊರಕ್ಕೆ ಸರಿದು ನೀರು ಉಕ್ಕಿತು. ಇನ್ನೂ ಒತ್ತಿದಳು.