ಮರಿ ಮೇಸ್ತ್ರಿಯ ಕತ್ತು

ಟಕ್ — ಗೇಟಿನ ಚಿಲಕ, ಅಳಿಯ ಬಂದನೇನೋ, ಇಲ್ಲ, ಬರೀ ಗಾಳಿ, ಡಿಪೋದಲ್ಲಿ ಮೆಕ್ಯಾನಿಕ್ ಮೇಸ್ತ್ರಿಯಾಗಿ ಊರಿನ ಬಸ್ಸುಗಳಿಗೆಲ್ಲ ಎಣ್ಣೆ ಕುಡಿಸಿದ ನಮ್ಮ ಯಜಮಾನರು ಮನೆಯ ಚಿಲಕಕ್ಕೆ ಒಂದು ತೊಟ್ಟು ಬಿಡಲಿಲ್ಲ, ನಾಳೆ ಹಾಕ್ತೀನಿ ಕಣೇ ಎನ್ನುತ್ತಲೇ ಇದ್ದರು, ಆ ದಿನವೂ ಅದು ಹೀಗೇ ಟಕ್ ಎಂದಿತ್ತು, ಹಗಲು ಹನ್ನೊಂದು ಗಂಟೆ, ನಾನು ಇದೇ ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದೆ, ಬಂದವನು ಡಿಪೋದ ಫೋರ್‌ಮನ್, ಕೂತ್ಕೋ ಎಂದರೂ ಕೂರಲಿಲ್ಲ, ಕೈಯಲ್ಲಿ ಇವರ ಉದ್ದನೆಯ ಸ್ಕ್ರೂಡ್ರೈವರ್, ಮರದ ಹಿಡಿಯದು, ಅದನ್ನು ಕಂಡಾಗಲೇ ನನಗೆ ತಿಳಿದುಹೋಯಿತು, ಅದನ್ನು ಅವರು ಜೀವವಿರುವ ತನಕ ಇನ್ನೊಬ್ಬರ ಕೈಗೆ ಕೊಡುವವರಲ್ಲ. ಅಕ್ಕಾ, ಎಂಜಿನ್ ಓಡ್ತಾ ಇತ್ತು, ಮೇಸ್ತ್ರಿ ಯಾವಾಗ್ಲೂ ನಿಲ್ಲೋ ಹಾಗೇ ಬಗ್ಗಿ ನಿಂತಿದ್ರು, ಎಂಜಿನ್ ಸದ್ದು ಕೇಳಿಸ್ಕೊಳ್ತಿದ್ದಾರೆ ಅಂದ್ಕೊಂಡ್ವಿ, ಸದ್ದು ಮಾಡ್ಬೇಡ್ರಪ್ಪಾ ಅಂತ ನಾನೇ ಎಲ್ಲರಿಗೂ ಗದರಿದೆ ಅಕ್ಕಾ, ಎಷ್ಟು ಹೊತ್ತು ಹಾಗೇ ಇದ್ವೋ, ಎಂದು ಅವನು ಅತ್ತ, ನಾನು ಅಳಲಿಲ್ಲ, ಇಡೀ ಡಿಪೋ ಉಸಿರು ಬಿಗಿಹಿಡಿದು ನಿಂತಿರುವಾಗ ಹೊರಟುಹೋದರಲ್ಲ, ದೇವರೇ, ಎಂಥ ಮರ್ಯಾದೆಯ ಸಾವು ಕೊಟ್ಟೆ ಎಂದುಕೊಂಡೆ, ಅಳು ಬಂದದ್ದು ಆಮೇಲೆ, ಆ ಹಿಡಿಯನ್ನು ಮೂಸಿದಾಗ.

ಅವರು ಕೇಳುತ್ತಿದ್ದುದೇ ಹಾಗೆ, ಸ್ಕ್ರೂಡ್ರೈವರಿನ ತುದಿ ಎಂಜಿನ್ನಿನ ಮೇಲೆ, ಮರದ ಹಿಡಿ ಬಲಗಿವಿಯಲ್ಲಿ, ತಲೆ ಬಲ ಹೆಗಲಿಗೆ ವಾಲಿ, ಗದ್ದ ಎಡಕ್ಕೆ ತಿರುಗಿ ಸ್ವಲ್ಪ ಮೇಲೆ, ಯಾರೋ ಗುಟ್ಟು ಹೇಳುತ್ತಿರುವ ಹಾಗೆ, ಮೂವತ್ತನಾಲ್ಕು ವರ್ಷ, ಕೊನೆಕೊನೆಗೆ ಊಟಕ್ಕೆ ಕೂತರೂ ಹಾಗೇ, ನಮ್ಮ ಮದುವೆಯ ಫೋಟೋದಲ್ಲಿ ನೆಟ್ಟಗಿದ್ದ ಕತ್ತು ಮಗಳ ಮದುವೆಯ ಫೋಟೋದಲ್ಲಿ ವಾಲಿದೆ, ಫೋಟೋದವನು ಸಾರ್ ತಲೆ ಸ್ವಲ್ಪ ನೇರ ಎಂದು ಹೇಳಿ ಹೇಳಿ ಸೋತ. ಅವರು ಹೋದಾಗ ಮಗಳು ಏಳು ತಿಂಗಳ ಬಸುರಿ, ಎರಡು ತಿಂಗಳಿಗೆ ಮಗು, ಹೆಣ್ಣು, ಕೂದಲೇ ಇಲ್ಲದ ದುಂಡು ತಲೆ, ಮೂರನೆಯ ವಾರ ಕಳೆಯುವ ಹೊತ್ತಿಗೆ ಆ ತಲೆ ಬಲಕ್ಕೆ ವಾಲಿತು, ಗದ್ದ ಎಡಕ್ಕೆ, ಸ್ವಲ್ಪ ಮೇಲೆ, ಮೊದಲು ಕಂಡವಳು ನಾನೇ, ಬಾಯಿ ಬಿಟ್ಟವಳೂ ನಾನೇ, ಅಯ್ಯೋ ಬಾರೇ ಇಲ್ಲಿ, ನಿಮ್ಮಪ್ಪ ಮಲಗಿದ್ದಾರೆ ನೋಡು ಎಂದೆ, ಮಗಳು ಬಂದು ನೋಡಿ ನಕ್ಕಳು, ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಅಳಿಯ ಅವತ್ತೇ ಮರಿ ಮೇಸ್ತ್ರಿ ಎಂದು ಹೆಸರಿಟ್ಟ, ಫೋರ್‌ಮನ್ ನೋಡಲು ಬಂದವನು, ಅಕ್ಕಾ ಬೇಗ ದೊಡ್ಡದು ಮಾಡಿ ಡಿಪೋಗೆ ಕಳಿಸಿ, ಆ ಹಳೇ ಬಸ್ಸು ನಮ್ಮ ಮಾತು ಕೇಳ್ತಿಲ್ಲ ಎಂದ, ಮನೆಯಲ್ಲಿ ಮತ್ತೆ ನಗು, ನಾನು ಆ ಕತ್ತನ್ನು ನೋಡುತ್ತ ಕೂರುವುದೇ ಒಂದು ಪ್ರಾರ್ಥನೆಯಾಯಿತು, ಸಂತೋಷವೇ ನಮ್ಮ ಕಣ್ಣಿಗೆ ಪೊರೆ ಕಟ್ಟಿತು.

ಹಾಲು ಬಲಗಡೆ ಮಾತ್ರ ಕುಡಿಯುತ್ತಿದ್ದಳು, ಎಡಗಡೆಗೆ ಹಾಕಿದರೆ ಮನೆ ಹಾರಿಹೋಗುವ ಹಾಗೆ ಕಿರುಚಾಟ, ಚೀಪಿದಾಗಲೆಲ್ಲ ಟಕ್, ಟಕ್, ಬಾಯಿಯ ಒಂದು ಮೂಲೆಯಿಂದ ಹಾಲು ಸೋರಿ ಕಿವಿಯವರೆಗೆ, ಹೊಟ್ಟೆ ತುಂಬುವ ಮೊದಲೇ ದಣಿದು ನಿದ್ದೆ, ಆರನೆಯ ವಾರ ತೂಕ ನೋಡಿದರೆ ಮುಳ್ಳು ಹೋದ ಸಲ ನಿಂತಲ್ಲೇ ನಿಂತಿದೆ, ನರ್ಸಮ್ಮ ಬಾಯೊಳಗೆ ಬೆರಳಿಟ್ಟು ನಾಲಿಗೆ ನೋಡಿದಳು, ಅಂಗುಳ ನೋಡಿದಳು, ಎಲ್ಲಾ ಸರಿ ಇದೆಯಲ್ಲಾ ಎಂದಳು, ಬಾಟಲಿಗೆ ಮೂರು ಬಗೆಯ ನಿಪ್ಪಲ್ ಬದಲಾಯಿಸಿದೆವು, ಅದಕ್ಕೂ ಟಕ್. ನನ್ನ ಹಾಲೇ ಸರಿ ಇಲ್ಲ ಅಮ್ಮಾ ಎಂದು ಮಗಳು ಗೋಡೆಯ ಕಡೆ ತಿರುಗಿದಳು, ಸುಮ್ನಿರೇ, ಹಾಲೇನು ಮಾಡೀತು ಎಂದೆ, ಮಧ್ಯಾಹ್ನ ಮಗು ಕುಡಿಯುವಾಗ ಬಗ್ಗಿ ಅದರ ಪುಟ್ಟ ದವಡೆಗೆ ನನ್ನ ಕಿವಿ ಇಟ್ಟೆ, ಟಕ್, ಆಗ ಅವರು ಹೇಳಿದರು, ಊಟ ಮಾಡುತ್ತ ನೂರು ಸಲ ಹೇಳಿದ್ದರು, ಸದ್ದು ಬರೋ ಜಾಗದಲ್ಲಿ ಕಾಯಿಲೆ ಇರಲ್ಲ ಕಣೇ, ಬಸ್ಸು ಹಿಂದುಗಡೆ ಬಡ್ಕೊಂಡ್ರೆ ನಾನು ಮುಂದುಗಡೆ ಬಿಚ್ತೀನಿ, ಬೆರಳನ್ನು ದವಡೆಯಿಂದ ಕೆಳಗಿಳಿಸಿದೆ, ಬಲಗಿವಿಯ ಹಿಂದಿನಿಂದ ಎದೆಯೆಲುಬಿನವರೆಗೆ ಒಂದು ಹುರಿ, ಬಿಗಿದ ಹಗ್ಗದ ಹಾಗೆ, ನಡುವೆ ಕಡಲೆಕಾಳಿನಷ್ಟು ಗಂಟು, ಎಡಗಡೆ ಬೆಣ್ಣೆಯಷ್ಟು ಮೆತ್ತಗೆ, ಹಾಗಾದರೆ ಈ ವಾಲಿದ ಕತ್ತು ಅವರದಲ್ಲ.

ಡಾಕ್ಟರು ನೋಡಿ, ಸ್ಕ್ಯಾನ್ ಮಾಡಿಸಿ, ವ್ಯಾಯಾಮ ಹೇಳಿಕೊಡುವವಳ ಬಳಿಗೆ ಕಳಿಸಿದರು, ನನ್ನ ಮಗಳಿಗಿಂತ ಚಿಕ್ಕವಳು, ಬೆರಳು ಮಾತ್ರ ಹಳೆಯ ಕೆಲಸಗಾರರದು, ಬಾಯಿ ಚೆನ್ನಾಗೇ ಇದೆ ಅಜ್ಜಿ, ಕತ್ತಿನ ಈ ಸ್ನಾಯು ಬಿಗಿ, ಅದು ತಲೆಯನ್ನ ಎಳೆಯುತ್ತೆ, ತಲೆ ಜೊತೆ ದವಡೆನೂ ವಾರೆ ಆಗುತ್ತೆ, ಬಾಯಿ ಎರಡು ಕಡೆ ಒಂದೇ ಸಮ ಹಿಡಿಯಲ್ಲ, ಸಂದಿಯಲ್ಲಿ ಗಾಳಿ ನುಗ್ಗಿ ಟಕ್ ಅನ್ನುತ್ತೆ, ಎಡಗಡೆ ಕುಡಿಯೋಕೆ ಬಲಕ್ಕೆ ತಿರುಗಬೇಕಲ್ಲ, ಅದಾಗಲ್ಲ, ಅದಕ್ಕೇ ಕಿರುಚೋದು. ಇವಳ ತಾತನ ಕತ್ತೂ ಹೀಗೇ ಇತ್ತಮ್ಮಾ ಎಂದೆ, ತಾತಂದು ಕೆಲಸ ಮಾಡಿ ಬಂದದ್ದು ಅಜ್ಜಿ, ಅದು ಮೊಮ್ಮಗಳಿಗೆ ಬರಲ್ಲ, ಇವಳು ಹೊಟ್ಟೆಯಲ್ಲಿ ಇಕ್ಕಟ್ಟಾಗಿ ಮಲಗಿದ್ದಳೇನೋ, ಬೇಗ ಬಂದಿದ್ದೀರಿ, ತುಂಬಾ ಮಕ್ಕಳಿಗೆ ಸರಿಹೋಗುತ್ತೆ, ದಿನಾ ತಪ್ಪದೆ ಮಾಡ್ಬೇಕು ಅಷ್ಟೆ, ಯಾರು ಮಾಡ್ತೀರಿ, ಎಂದಳು, ಮಗಳು ನನ್ನ ಮುಖ ನೋಡಿದಳು, ಮಗು ಅತ್ತರೆ ಅವಳೂ ಅಳುತ್ತಾಳೆ, ಹಾಗಾಗಿ ನನ್ನ ಕೈ. ಒಂದು ಅಂಗೈ ಮಗುವಿನ ಬಲ ಹೆಗಲ ಮೇಲೆ, ಇನ್ನೊಂದು ತಲೆಯ ಮೇಲೆ, ಮೆಲ್ಲಗೆ ಎಡಕ್ಕೆ ಬಾಗಿಸು, ಆಮೇಲೆ ಗದ್ದ ಬಲಕ್ಕೆ ತಿರುಗಿಸು, ಮೂವತ್ತು ಎಣಿಸು, ನಾನು ಅಂಕಿ ಎಣಿಸಲಿಲ್ಲ, ಮೂವತ್ತು ಸಲ ದೇವರೇ ದೇವರೇ ಎಂದೆ, ಅವರದು ಇಷ್ಟನ್ನಾದರೂ ನೀನು ಹಿಂದಕ್ಕೆ ಕೊಟ್ಟೆ ಎಂದುಕೊಂಡಿದ್ದೆನಲ್ಲ, ಅದನ್ನೂ ನನ್ನ ಕೈಯಿಂದಲೇ ಅಳಿಸುತ್ತೀಯಾ, ಒಂದು ಬೆಳಿಗ್ಗೆ ಮಾಡಲೇ ಇಲ್ಲ, ವಾಲಿದ ಕತ್ತನ್ನು ನೋಡುತ್ತ ಕುಳಿತೆ, ಆಯ್ತಾ ಅಮ್ಮಾ ಎಂದು ಮಗಳು ಕೇಳಿದರೆ ಆಯ್ತು ಎಂದೆ, ಈ ವಯಸ್ಸಿನಲ್ಲಿ ಸುಳ್ಳು, ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್, ಟಕ್, ಹಸಿದ ಕೂಸಿನ ಅಳು, ಅವರು ನನ್ನ ಹಿಂದೆ ನಿಂತು ಕೇಳಿದ ಹಾಗಾಯಿತು, ಸದ್ದು ಇಂಪಾಗಿದೆ ಅಂತ ಬಸ್ಸನ್ನ ಹಾಗೇ ರೋಡಿಗೆ ಬಿಡ್ತಾರೇನೇ, ಎದ್ದೆ, ಕೈ ತೊಳೆದೆ, ಆಮೇಲೆ ಒಂದು ಹೊತ್ತೂ ತಪ್ಪಿಸಲಿಲ್ಲ.

ಎಂಥ ದಿನಗಳು ಅವು, ಕಿಟಕಿಯ ಬೆಳಕು ಬಲಕ್ಕೆ ಬೀಳುವಂತೆ ತೊಟ್ಟಿಲು ತಿರುಗಿಸಿದೆವು, ಅಳಿಯ ಬಲಗಡೆ ಮಂಡಿಯೂರಿ ಬಸ್ಸಿನ ಹಾರ್ನ್ ಬಾಯಲ್ಲೇ ಹೊಡೆಯುತ್ತಿದ್ದ, ಪಕ್ಕದ ಮನೆಯವರು ಇಣುಕಿ ನೋಡಿದರು, ಎಡಗಡೆ ಹಾಲಿಗೆ ಮಗುವನ್ನು ಕಂಕುಳಲ್ಲಿ ಹಿಡಿಯಬೇಕು, ಅಪ್ಪ ಟೂಲ್ಸ್ ಚೀಲ ಹಿಡಿತಿದ್ದ ಹಾಗೆ ಅಲ್ವಾ ಅಮ್ಮಾ ಎಂದಳು ಮಗಳು, ನನ್ನ ಹೊಟ್ಟೆಯ ಮೇಲೆ ಬೋರಲು ಹಾಕಿದರೆ ಮರಿ ಮೇಸ್ತ್ರಿ ತಲೆಯೆತ್ತಿ ನನ್ನನ್ನೇ ದುರುಗುಟ್ಟಿ ನೋಡುವಳು, ತೂಕದ ಮುಳ್ಳು ಸರಿಯಿತು, ಮತ್ತೂ ಸರಿಯಿತು, ತೊಡೆಗೆ ಮಡಿಕೆ ಬಂತು, ಈಗ ಐದು ತಿಂಗಳು, ಅಂಗಿಗಳೆಲ್ಲ ಚಿಕ್ಕವಾದವು, ಅವನ್ನೇ ಮಡಿಸುತ್ತಿದ್ದೇನೆ, ಹಾಲಿನ ಹೊತ್ತು, ಎಡಗಡೆ ಸರದಿ, ಈಗ ಬರುತ್ತದೆ ಟಕ್ — ಬರಲಿಲ್ಲ — ಯಾಕೆ ಬರಲಿಲ್ಲ, ಅಂಗಿ ಕೈಯಲ್ಲೇ ಇದೆ, ಬಾಗಿಲಲ್ಲಿ ನಿಂತಿದ್ದೇನೆ, ಅಮ್ಮಾ ಕೇಳು ಎನ್ನುತ್ತಾಳೆ, ಏನೂ ಕೇಳಿಸ್ತಿಲ್ವಲ್ಲೇ, ಅದೇ ಅಮ್ಮಾ, ಅದನ್ನೇ ಕೇಳು ಅಂದದ್ದು, ಕಂಕುಳಲ್ಲಲ್ಲ, ಮಡಿಲಲ್ಲೇ, ಕತ್ತು ಬಲಕ್ಕೆ ಸಲೀಸಾಗಿ ತಿರುಗಿದೆ, ಎರಡೂ ಕೆನ್ನೆ ಒಂದೇ ಸಮ ಏಳುತ್ತವೆ, ಇಳಿಯುತ್ತವೆ, ಗುಟುಕಿನ ಮೇಲೆ ಗುಟುಕು, ಒಂದು ತೊಟ್ಟೂ ಸೋರಿಲ್ಲ. ಟಕ್, ಈ ಸಲ ಗೇಟೇ, ಅಳಿಯನೇ, ಒಳಗೆ ಬಂದು ನಮ್ಮನ್ನು ನೋಡಿ ನಗುತ್ತಾನೆ, ಅತ್ತೆ, ಮರಿ ಮೇಸ್ತ್ರಿ ಕತ್ತು ಸರಿಹೋಯ್ತು, ನಿಮ್ಮದೇನಾಯ್ತು, ನನ್ನದೇ, ಕನ್ನಡಿ ಎದುರಿಗೇ ಇದೆ, ನನ್ನ ತಲೆ ಬಲ ಹೆಗಲಿಗೆ ವಾಲಿದೆ, ಗದ್ದ ಎಡಕ್ಕೆ, ಸ್ವಲ್ಪ ಮೇಲೆ, ಯಾವಾಗ ಬಂತೋ ಇದು, ಅಷ್ಟು ವರ್ಷ ಎದುರಿಗೆ ಕೂತು ಉಂಡವಳಿಗೆ, ನೇರ ಮಾಡಿಕೊಳ್ಳುವುದಿಲ್ಲ, ಇದು ಯಾರ ಹಸಿವಿಗೂ ಅಡ್ಡವಿಲ್ಲ, ಇರಲಿ, ನಗು ಬರುತ್ತಿದೆ, ಕಣ್ಣಲ್ಲಿ ನೀರೂ, ದೇವರೇ, ಅವರು ಇನ್ನೂ ಬಗ್ಗಿಯೇ ನಿಂತಿದ್ದರೆ ಹೇಳು, ಸದ್ದು ನಿಂತಿತು, ನಿಮ್ಮ ಮೊಮ್ಮಗಳು ಹೊಟ್ಟೆ ತುಂಬ ಕುಡಿಯುತ್ತಿದ್ದಾಳೆ ಎನ್ನು, ಕೇಳಿದ್ದು ಸಾಕು ಎನ್ನು, ಅವರ ಕತ್ತನ್ನು ನಿನ್ನ ಅಂಗೈಯಲ್ಲಿ ಮೆಲ್ಲಗೆ ನೆಟ್ಟಗೆ ಮಾಡು, ನೋಯಿಸಬೇಡ, ಅವರಿಗೆ ಶಾಂತಿ ಕೊಡು, ಆ ಹಿಡಿಯನ್ನು ಅವರ ಕಿವಿಯಿಂದ ತೆಗೆ, ಆ ಮರದ ಹಿಡಿ, ಎಣ್ಣೆ ಹತ್ತಿ ಕಪ್ಪಾದ, ಕಿವಿಯ ಆಕಾರಕ್ಕೆ ಸವೆದ ಆ ಮರದ ಹಿಡಿ