ಬಧೀರ್

ಸೂಜಿಯ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂದು ನೇತಾಡುತ್ತಿದೆ, ದೀಪದ ಬೆಳಕನ್ನೆಲ್ಲ ತಾನೇ ನುಂಗಿಕೊಂಡು — ನೋಡಬಾರದು, ಕಣ್ಣು ಮುಚ್ಚಿದೆ, ತೋಂಡ ಮೋಠಂ ಉಘಡಾ ಕಾಕಾ ಎಂದರು ಡಾಕ್ಟರಮ್ಮ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸವೆದವನಿಗೆ ಬಾಯಿ ದೊಡ್ಡದು ಮಾಡಿ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ, ತೆರೆದೆ, ಹೊರಗೆ ಕಲ್ಯಾಣ ಲೋಕಲ್ ಡೊಂಬಿವಲಿಯನ್ನು ಅಲುಗಿಸಿಕೊಂಡು ಹೋಯಿತು, ಯಾರದೋ ಮೊಬೈಲು ರಿಂಗಾಯಿತು, ತಟ್ಟೆಯಲ್ಲಿ ಏನೋ ಖಣ್ ಎಂದಿತು, ಚಪ್ಪಲಿ ಸದ್ದು ದೂರವಾಯಿತು — ಆಯಿತೇ, ಇಷ್ಟೇನೇ, ಚುಚ್ಚಿದ್ದೇ ಗೊತ್ತಾಗಲಿಲ್ಲವಲ್ಲ, ಎಂಥ ಹಗುರ ಕೈ, ಭುಜಂಗನಿಗೆ ಹೇಳಬೇಕು, ಛೆ, ಭುಜಂಗನೆಲ್ಲಿ ಈಗ, ಕೆನ್ನೆಯಲ್ಲಿ ತಂಬಾಕು ಒತ್ತಿಕೊಂಡೇ ದೋಸೆ ಹೊಯ್ಯುತ್ತಿದ್ದವನು ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಅರ್ಧ ದವಡೆ ಬಿಟ್ಟು ಬಂದ, ಉಳಿದರ್ಧವೂ ಬಹಳ ದಿನ ಬಾಳಲಿಲ್ಲ, ನಮ್ಮವರ ಬಾಯಲ್ಲಿ ಪರೇಲ್ ಈಗ ಸ್ಟೇಶನ್ನಿನ ಹೆಸರಲ್ಲ, ಪರೇಲಿಗೆ ಹೋದ ಎಂದರೆ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ, ನನ್ನದು ಬರೀ ಹಲ್ಲು, ಅಲ್ಲಾಡುವ ಹಲ್ಲು, ಕೀಳಿಸಿದರೆ ಮುಗಿಯಿತು, ಕೆಳತುಟಿ ಭಾರವಾಗಿದೆ, ಮದ್ದು ಏರುತ್ತಿರಬೇಕು — ಬಧೀರ್ ಝಾಲಂ ಕಾ ಕಾಕಾ, ಇದು ಚಿಕ್ಕ ಡಾಕ್ಟರು, ಹೊಸ ಹುಡುಗಿ, ಬಧಿರನೇ, ನಾನೇ, ಇಲ್ಲಮ್ಮಾ ಚೆನ್ನಾಗಿ ಕೇಳಿಸ್ತದೆ ಎಂದೆ, ತೆರೆದ ಬಾಯಲ್ಲಿ ಆ ಆ ಎಂದಷ್ಟೇ ಹೊರಟಿತು, ಮೂಲೆಯಲ್ಲಿ ಕೂತ ಮಾನಸಿ ನಕ್ಕಳು, ಪಪ್ಪಾ, ಬಧೀರ್ ಮ್ಹಣಜೇ ಕಿವುಡು ಅಲ್ಲ, ಸುನ್ನ್, ತುಟಿ ಮರಗಟ್ಟಿತಾ ಕೇಳ್ತಿದ್ದಾರೆ, ಮಗಳ ಬಾಯಲ್ಲಿ ಕನ್ನಡ ಬರುವುದು ನಾನು ನಗೆಪಾಟಲಾದಾಗ ಮಾತ್ರ, ಒಂದೇ ಸಂಸ್ಕೃತ ಶಬ್ದ ಘಾಟಿನ ಆಚೆ ಕಿವಿಗೆ ಹೋಯಿತು, ಈಚೆ ದವಡೆಗೆ ಬಂತು, ನಾಳೆ ಗಲ್ಲಾದಲ್ಲಿ ಕೂತು ಹೇಳಲು ಒಳ್ಳೆ ಜೋಕು — ಚುಚ್ಚುತ್ತಿದ್ದೇನೆ, ಗೊತ್ತಾಗುತ್ತಾ, ಚಿಕ್ಕ ಡಾಕ್ಟರು ಕೇಳಿದಳು, ಇಲ್ಲ, ಇಲ್ಲಿ, ಇಲ್ಲ, ತುಟಿಯಲ್ಲಿ, ಇಲ್ಲವೇ ಇಲ್ಲ, ಮ್ಯಾಡಮ್, ರೆಡಿ ಎಂದು ಕೂಗಿದಳು, ಡಾಕ್ಟರಮ್ಮನ ಚಪ್ಪಲಿ ಸದ್ದು ಮರಳಿತು, ಅಗಂ, ಮೀ ಇಂಜೆಕ್ಷನ್ ಕುಠೇ ದಿಲಂಯ ಅಜೂನ್, ಫೋನ್ ಆಲಾ ಹೋತಾ — ಇಂಜೆಕ್ಷನ್ ಕೊಟ್ಟೇ ಇಲ್ಲವಂತೆ, ಫೋನು ಬಂದಿತ್ತಂತೆ, ಯಾರೂ ನಗಲಿಲ್ಲ, ಮಾನಸಿಯೂ, ದೀಪ ಇನ್ನಷ್ಟು ಬಗ್ಗಿತು, ಬೆರಳೊಂದು ದವಡೆಯಡಿ ಏನನ್ನೋ ಹುಡುಕಿ ಅಲ್ಲೇ ನಿಂತಿತು, ಕಧೀಪಾಸೂನ್ ಕಾಕಾ, ಯಾವಾಗಿನಿಂದ, ಯಾವಾಗಿನಿಂದ ಎಂದರೆ — ಹೆಂಡತಿ ರಮಿತಾ ಅಡಿಗೆಮನೆಯಿಂದ ಕೂಗುತ್ತಿದ್ದಳಲ್ಲ, ಚಾ ಸೋರ್ತಾ ಉಂಟು, ಅಂಗಿ ಎಲ್ಲ ಚಾ, ಕೆಬಿ ಕೇಣುಜಾ, ಕಿವಿ ಕೇಳುವುದಿಲ್ಲವಾ ನಿಮಗೆ, ಕೇಳುತ್ತಿತ್ತು, ಚೆನ್ನಾಗಿಯೇ ಕೇಳುತ್ತಿತ್ತು, ತುಟಿಯಂಚಿನಲ್ಲಿ ನಿಂತ ಹನಿಯೊಂದೇ ಗೊತ್ತಾಗುತ್ತಿರಲಿಲ್ಲ, ದೀಪಾವಳಿಗೆ ಮೊದಲೋ, ಗಣಪತಿಗೂ ಮೊದಲೋ — ಇವತ್ತು ಹಲ್ಲು ಕೀಳುವುದು ಬೇಡ, ನೀವು ನಾಳೆಯೇ ಒಮ್ಮೆ, ಡಾಕ್ಟರಮ್ಮ ಮಾನಸಿಯ ಕಡೆ ತಿರುಗಿ ದನಿ ತಗ್ಗಿಸಿದರು, ಕೇಳಿಸಿತು, ಪರೇಲ್, ಕಣ್ಣು ತೆರೆದೆ, ತಟ್ಟೆಯಂಚಿನಲ್ಲಿ ಇಂಜೆಕ್ಷನ್, ತುಂಬಿದ್ದು ತುಂಬಿದಂತೆ, ಅದರ ತುದಿಯಲ್ಲಿ ಆ ಹನಿ, ಇನ್ನೂ ಬಿದ್ದಿಲ್ಲ, ಬಿದ್ದಿಲ್ಲ