ಪೇಟಿಯ ಸ್ಥಿತಿ ಕಾಯ್ದುಕೊಳ್ಳುವ ಕುರಿತು

ಮಕ್ಬೂಲ ಸಾಹೇಬರು ಪೇಟಿಯ ಮುಚ್ಚಳ ತೆಗೆದು ಒಂದೊಂದೇ ಪಟ್ಟಿ ಒತ್ತುತ್ತ ಹೋದರು. ಪ್ರತಿ ಪಟ್ಟಿಗೂ ಅವರ ಮುಖ ಒಂದಿಷ್ಟು ಸಣ್ಣದಾಗುತ್ತಿತ್ತು. ಬೀದರಿನ ಚೌಬಾರಾ ಹಿಂದಿನ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ಹಾರ್ಮೋನಿಯಂ ರಿಪೇರಿ ಮಾಡುವವರು ಅವರು. ಭಾಲ್ಕಿಯ ನಮ್ಮ ಕಾಲೇಜಿಗೆ ಅವರನ್ನು ಕರೆಸಿದ್ದು ಸಂಗೀತ ವಿಭಾಗದ ಅತಿಥಿ ಉಪನ್ಯಾಸಕಿ ಪ್ರಣಿತಾ. ನಾನು ಪಕ್ಕದ ಕೋಣೆಯ ಭೌತಶಾಸ್ತ್ರದವನು. ಶ್ರುತಿಕವೆ ಬೇಕು ಅಂದಿದ್ದಕ್ಕೆ ತಂದುಕೊಟ್ಟು ಅಲ್ಲೇ ನಿಂತಿದ್ದೆ.

"ಇದನ್ನ ಎಲ್ಲಿ ಇಟ್ಟಿದ್ರಿ?" ಎಂದು ಮಕ್ಬೂಲ ಸಾಹೇಬರು ಕೇಳಿದರು.

"ಎರಡು ವರ್ಷ ಕೆಮಿಸ್ಟ್ರಿ ಸ್ಟೋರಿನಾಗ ಇತ್ರಿ," ಎಂದಳು ಪ್ರಣಿತಾ. "ನಮಗ ಕೋಣಿ ಇರ್ಲಿಲ್ಲ."

ನನಗೆ ಅರ್ಥವಾಯಿತು. ಅಮೋನಿಯಾದ ಆವಿ, ಆಮ್ಲದ ಆವಿ, ಹಿತ್ತಾಳೆಯ ರೀಡು. ಫಲಿತಾಂಶ ಹೇಳಲು ಪ್ರಯೋಗ ಮಾಡಬೇಕಿರಲಿಲ್ಲ.

"ಹನ್ನೆರಡೂ ಸೂರ ಅವ್ರಿ," ಎಂದರು ಸಾಹೇಬರು. "ಒಂದೂ ಸತ್ತಿಲ್ಲ. ಆದ್ರ ಒಂದಕ್ಕೊಂದು ಸಂಬಂಧ ಇಲ್ಲ. ಮನಿಗಿ ಹಿರಿಯರು ಯಾರು, ಸೊಸಿ ಯಾರು, ಬೀಗರು ಯಾರು, ಏನೂ ತಿಳಿವಲ್ದು. ಯಾವುದನ್ನ ಸಾ ಅಂತ ಹಿಡದ್ರೂ ಉಳದ ಹನ್ನೊಂದು ಒಪ್ಪಂಗಿಲ್ಲ."

ಬಾಗಿಲಲ್ಲಿ ಪ್ರಾಚಾರ್ಯ ಅಮಿತಕುಮಾರ ನಿಂತಿದ್ದರು. ಅವರು ರಸಾಯನಶಾಸ್ತ್ರದವರು. ಹಿಂದಿನ ವಾರವಷ್ಟೇ 'ಶಿಕ್ಷಣದಲ್ಲಿ ನಾವೀನ್ಯ' ಎಂಬ ಮೂರು ದಿನದ ಆನ್‌ಲೈನ್ ತರಬೇತಿ ಮುಗಿಸಿದ್ದರು.

"ಇನ್ನೊಮ್ಮಿ ಹೇಳ್ರಿ ಸಾಹೇಬ್ರ," ಎಂದರು. ಮಕ್ಬೂಲ ಸಾಹೇಬರು ಇನ್ನೊಮ್ಮೆ ಹೇಳಿದರು. ಪ್ರಾಚಾರ್ಯರು ಕಣ್ಣು ಮುಚ್ಚಿ ಕೇಳಿ, ಮೆಲ್ಲಗೆ, "ಇದು ಅಟೋನಲ್," ಎಂದರು. ಆಧಾರ ಸ್ವರವೇ ಇಲ್ಲದ ಸಂಗೀತಕ್ಕೆ ಆ ತರಬೇತಿಯಲ್ಲಿ ಕೇಳಿ ಬಂದ ಹೆಸರು ಅದು.

ಆ ತಿಂಗಳ ಕೊನೆಗೆ ನಮ್ಮ ಕಾಲೇಜಿಗೆ ಪರಿವೀಕ್ಷಣಾ ತಂಡ ಬರುವುದಿತ್ತು. ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಯಾವ ವಿಭಾಗ ತನ್ನದೇ ಆದ ವೈಶಿಷ್ಟ್ಯ ತೋರಿಸುವುದಿಲ್ಲವೋ ಅದನ್ನು ಬರುವ ವರ್ಷದಿಂದ ಮುಚ್ಚಲಾಗುವುದು. ಸಂಗೀತ ವಿಭಾಗದಲ್ಲಿ ಇದ್ದದ್ದು ಹನ್ನೊಂದು ವಿದ್ಯಾರ್ಥಿಗಳು, ಔರಾದಿನಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಪ್ರಣಿತಾ, ಒಂದು ಪೇಟಿ. ಹನ್ನೊಂದರಲ್ಲಿ ಒಂಬತ್ತು ಹುಡುಗಿಯರು. ನಮ್ಮ ಕಡೆ ಹಳ್ಳಿ ಹಳ್ಳಿಗೂ ಭಜನೆ ಉಂಟು, ಹೆಣ್ಣುಮಕ್ಕಳು ಹಾಡುವುದೂ ಉಂಟು. ಆದರೆ ಪೇಟಿಯ ಮುಂದೆ ಕೂತಿರುವುದು ಗಂಡಸೇ. ಭಾತಂಬ್ರಾದ ಸೌಂದರ್ಯಾ ಎಂಬ ಹುಡುಗಿ ಹದಿನೆಂಟು ವರ್ಷ ಪೇಟಿಯ ಬೆನ್ನನ್ನಷ್ಟೇ ನೋಡಿದ್ದೆ ಎಂದು ಒಮ್ಮೆ ಹೇಳಿದ್ದಳು. ಅದರ ಮುಖ ಕಂಡದ್ದು ಈ ಕೋಣೆಯಲ್ಲಿ. ವಿಭಾಗ ಮುಚ್ಚಿದರೆ ಹೋಗುವುದು ಏನೆಂದು ಪ್ರಣಿತಾಳಿಗೆ ಗೊತ್ತಿತ್ತು.

"ಸರ್, ರಿಪೇರಿಗಿ ಒಪ್ಪಿಗಿ ಕೊಡ್ರಿ," ಎಂದಳು. "ತಂಡ ಬರೋದ್ರಾಗ ಹುಡುಗ್ಯಾರಿಗಿ ಎರಡು ರಾಗ ತಯಾರ ಮಾಡಸ್ತೀನಿ."

"ರಾಗ ಎಲ್ಲಾ ಕಾಲೇಜಿನಾಗೂ ಅವ ಮೇಡಂ. ಅದ್ರಾಗ ವೈಶಿಷ್ಟ್ಯ ಏನದ? ಷಡ್ಜವೇ ಇಲ್ಲದ ಸಂಗೀತ ಇಡೀ ಜಿಲ್ಲಾದಾಗ ಯಾರ ಬಲ್ಲಿ ಅದ? ನಮ್ಮ ಬಲ್ಲಿ ಅದ. ಈ ಪೇಟಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

ಮಕ್ಬೂಲ ಸಾಹೇಬರು ರೀಡು ಕೆರೆಯುವ ಕಾನಸು, ಚಿಮಟ ಎಲ್ಲ ಚೀಲಕ್ಕೆ ತುಂಬಿಕೊಂಡರು. "ನಲವತ್ತು ವರ್ಷದಾಗ ಬಿಗಡಿದ ಪೇಟಿಗಿ ಸನ್ಮಾನ ಆಗೋದು ಇದೇ ಮೊದಲ ನೋಡ್ಲಕತ್ತೀನಿ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೊರಟರು.

ಮರುದಿನ ಸಿಬ್ಬಂದಿ ಸಭೆ. ಪ್ರಾಚಾರ್ಯರು ಹೊಸ ಸಂಗೀತಕ್ಕೆ 'ನಿರಾಧಾರ ಸಂಗೀತ' ಎಂದು ಕನ್ನಡದ ಹೆಸರು ಕೊಟ್ಟಿದ್ದರು. ಯಾವುದೇ ಸ್ವರವನ್ನು ಆಧಾರವೆಂದು ಒಪ್ಪುವುದಿಲ್ಲ, ಹನ್ನೆರಡಕ್ಕೂ ಸಮಾನ ಸ್ಥಾನ, ಎಲ್ಲವೂ ಒಂದು ಸುತ್ತು ಮುಗಿಯುವ ತನಕ ಒಂದನ್ನೂ ಎರಡನೇ ಸಲ ನುಡಿಸುವಂತಿಲ್ಲ. ಇಷ್ಟು ವಿವರಿಸಿ ಅವರು ಕೂತದ್ದೇ ತಡ, ರಾಜ್ಯಶಾಸ್ತ್ರದ ಕೈಲಾಶ ಎದ್ದರು.

"ಷಡ್ಜ ಅಂದ್ರ ಯಾರ್ರಿ? ಊರ ಗೌಡ. ಹನ್ನೊಂದು ಸ್ವರ ಅವನ ಕಟ್ಟಿ ಮುಂದ ಕೈ ಕಟ್ಟಿ ನಿಂದ್ರಬೇಕು. ಎಷ್ಟು ದೂರ ಹ್ವಾದ್ರೂ ಹೊತ್ತು ಮುಳುಗೂದ್ರಾಗ ಅವನ ವಾಡೇಕ್ಕೇ ಬರಬೇಕು. ಬಸವಣ್ಣನವರ ನಾಡಿನಾಗ ಕುಂತು ನಾವು ಇನ್ನಾ ಎಷ್ಟು ದಿನ ಇದನ್ನ ಹಾಡಬೇಕ್ರಿ?"

ಚಹಾ ತಂದಿದ್ದ ಹಾವಗೆಪ್ಪ ಅಲ್ಲೇ ನಿಂತ. ಅವನು ನಮ್ಮ ಕಾಲೇಜಿನ ಜವಾನ, ಹಲಬರ್ಗಾದ ಭಜನಾ ಮಂಡಳಿಯ ಹಿರಿಯ. "ಅನುಭವ ಮಂಟಪದಾಗೂ ನಡುವೊಂದು ಪೀಠ ಇತ್ತಂತ್ರಿ ಸರ್," ಎಂದ. "ಎಲ್ಲಾರೂ ಸಮನ. ಆದ್ರ ಮಾತಾಡುವಾಗ ಅದರ ಕಡಿಗೇ ಮಾರಿ ಮಾಡ್ತಿದ್ರು."

"ಹಾವಗೆಪ್ಪ, ಸಕ್ಕರಿ ಕಡಿಮಿ ಆಗ್ಯಾದ," ಎಂದರು ಕೈಲಾಶ.

ವಾಣಿಜ್ಯದ ಧಮ್ಮಪಾಲ ಕುಳಿತಲ್ಲಿಂದಲೇ ಹೇಳಿದರು. "ಸಮಾನತಾ ಅಂತೀರಲ್ರಿ ಕೈಲಾಶ, ನಮಗ ಖುಷಿ ಅದ. ಮೊದಲ ಸ್ಟಾಫ್ ರೂಮಿನ ಖುರ್ಚಿ ಸಮಾನ ಮಾಡ್ರಿ. ಗೆಸ್ಟ್ ಮಂದಿ ಹತ್ತು ವರ್ಷ ಆಯ್ತು ಕಿಟಕಿ ಕಟ್ಟಿ ಮ್ಯಾಲ ಕುಂತಾರ. ಸ್ವರಗಳು ಆಮ್ಯಾಲ ಬರ್ಲಿ."

ಪ್ರಣಿತಾ ಆಗಲೂ ಕಿಟಕಿ ಕಟ್ಟೆಯ ಮೇಲೇ ಇದ್ದಳು. ಸಭೆ ಎರಡು ಪಕ್ಷವಾಯಿತು. ಕೈ ಎತ್ತಿಸಿದಾಗ ನಿರಾಧಾರಕ್ಕೆ ಹದಿನೇಳು, ಆಧಾರ ಬೇಕೆನ್ನುವ 'ಸಾಧಾರ'ಕ್ಕೆ ಎಂಟು. ಇಪ್ಪತ್ತೈದು ಜನರಲ್ಲಿ ಅಂಥ ಸಂಗೀತವನ್ನು ಒಮ್ಮೆಯಾದರೂ ಕೇಳಿದವರು ಎಷ್ಟು ಎಂದು ಯಾರೂ ಕೇಳಲಿಲ್ಲ. ತಂಡಕ್ಕೆ ಕೊಡುವ ಟಿಪ್ಪಣಿ ಬರೆಯುವ ಕೆಲಸ ನನಗೆ ಬಿತ್ತು, ಶಬ್ದವೆಂದರೆ ಭೌತಶಾಸ್ತ್ರವೆಂಬ ಕಾರಣಕ್ಕೆ.

ನಾನು ಮಾತ್ರ ಕೇಳಿ ನೋಡಿದೆ. ಯುರೋಪಿನ ಅಂಥದೊಂದು ವಾದನವನ್ನು ಫೋನಿನಲ್ಲಿ ಹುಡುಕಿ ಮೂರು ಸಲ ಕೇಳಿದೆ. ಮೊದಲ ಸಲ ಯಾರೋ ಪಾತ್ರೆ ಜೋಡಿಸುತ್ತಿದ್ದಂತೆ ಇತ್ತು. ಎರಡನೆಯ ಸಲ ಸಿಟ್ಟು ಬಂತು. ಮೂರನೆಯ ಸಲ, ಗುರುತಿನವರು ಯಾರೂ ಇಲ್ಲದ ಊರಿನಲ್ಲಿ ಬಸ್ಸಿಳಿದಾಗ ಆಗುವಂಥ ಒಂದು ಎಚ್ಚರ ಆಯಿತು. ಅದು ಸುಳ್ಳು ಸಂಗೀತವಲ್ಲ. ಪ್ರಣಿತಾಳಿಗೂ ಕೇಳಿಸಿದೆ. ಅವಳು ಕೊನೆಯವರೆಗೂ ಕೇಳಿದಳು.

"ಛಲೋ ಅದ್ರಿ ಸರ್. ಆದ್ರ ಇದನ್ನ ಮಾಡಿದವ್ರಿಗಿ ಸಾ ಎಲ್ಲದ ಅಂತ ಪಕ್ಕಾ ಗೊತ್ತದ. ಗೊತ್ತಿದ್ದೇ ಅದನ್ನ ದಾಟಿ ಹೊಂಟಾರ. ನಮ್ಮ ಪೇಟಿಗಿ ಏನ್ ಗೊತ್ತದ್ರಿ? ಅದು ಕೆಟ್ಟದ, ಅಷ್ಟ."

ಇದನ್ನು ನಾನು ಟಿಪ್ಪಣಿಯಲ್ಲಿ ಬರೆಯಲಿಲ್ಲ. ಬರೆದದ್ದು ಹೀಗೆ: 'ವಿಭಾಗದ ವಾದ್ಯವನ್ನು ತಜ್ಞರೊಬ್ಬರು ಪರೀಕ್ಷಿಸಿ, ಹನ್ನೆರಡು ಸ್ವರಗಳಲ್ಲಿ ಯಾವುದಕ್ಕೂ ಯಾವುದರ ಅಧೀನತೆ ಇಲ್ಲವೆಂದು ದೃಢಪಡಿಸಿದ್ದಾರೆ.' ಒಂದಕ್ಷರವೂ ಸುಳ್ಳಲ್ಲ. ನನಗೆ ಈಗಲೂ ಕಿರಿಕಿರಿ ಮಾಡುವುದು ಅದೇ.

ತಾಲೀಮು ಶುರುವಾಯಿತು. ಪ್ರಣಿತಾ ಹನ್ನೆರಡು ಚೀಟಿಗಳಲ್ಲಿ ಸ್ವರ ಬರೆದು, ಎತ್ತಿದ ಕ್ರಮದಲ್ಲಿ ಹಾಡಿಸುತ್ತಿದ್ದಳು. ಹುಡುಗಿಯರು ನಾಲ್ಕು ಸ್ವರ ಸರಿಯಾಗಿ ಹೋಗಿ, ಐದನೆಯದಕ್ಕೆ ಸಾ ಹಾಡಿಬಿಡುತ್ತಿದ್ದರು.

"ಚೀಟಿದಾಗ ಸಾ ಅದ ಏನ, ಸೌಂದರ್ಯಾ?"

"ಇಲ್ರಿ ಮೇಡಂ. ಬಾಯಿ ತಾನೇ ಹೋಯ್ತು. ಸಂಜಿಗಿ ದನ ಹ್ಯಾಂಗ ಮನಿಗಿ ಬರ್ತಾವ, ಹಂಗ."

"ಹೊಡಿ ಅದನ್ನ ವಾಪಸ್," ಎಂದಳು ಪ್ರಣಿತಾ. ಹೇಳಿ ತಾನೇ ನಕ್ಕಳು. ನಗು ಬೇಗ ನಿಂತಿತು. ತಂಡ ಬರಲು ಒಂಬತ್ತು ದಿನವಿತ್ತು.

ಆ ದಿನ ಬಂತು. ಮೂವರ ತಂಡ. ಅಧ್ಯಕ್ಷರು ದಕ್ಷಿಣದ ಯಾವುದೋ ವಿಶ್ವವಿದ್ಯಾಲಯದಿಂದ ನಿವೃತ್ತರಾದವರು. ಸಭಾಂಗಣ ತುಂಬಿ ಕಾಣಬೇಕೆಂದು ಪ್ರಾಚಾರ್ಯರು ಹಾವಗೆಪ್ಪನಿಗೆ ಜನ ತರಲು ಹೇಳಿದ್ದರು. ಅವನು ತಂದದ್ದು ತನ್ನ ಮಂಡಳಿಯ ಹದಿನಾಲ್ಕು ಜನರನ್ನು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ ಹಾಕಿಕೊಂಡು ಹಿಂದಿನ ಎರಡು ಸಾಲಿನಲ್ಲಿ ಕೂತರು. ಸಂಗೀತ ಎಂದಷ್ಟೇ ಅವರಿಗೆ ತಿಳಿಸಲಾಗಿತ್ತು.

ಇಲ್ಲಿಯ ಭಜನೆಯಲ್ಲೊಂದು ಪದ್ಧತಿ ಇದೆ. ಹಾಡುವವನಿಗೆ ಸೂರ ತಪ್ಪಿದರೆ ಯಾರೂ ನಗುವುದಿಲ್ಲ, ಸನ್ನೆಯನ್ನೂ ಮಾಡುವುದಿಲ್ಲ. ಸುತ್ತ ಕೂತವರು ಮೆಲ್ಲಗೆ ಸಾ ಹಿಡಿಯುತ್ತಾರೆ, ಅವನು ಅದನ್ನು ಹಿಡಿದುಕೊಂಡು ಮೇಲೆ ಬರುತ್ತಾನೆ. ಕೇಳಿದ ಮೇಲೆ ಕೊಟ್ಟರೆ ಅದು ಅಪಮಾನ. ಕೇಳುವ ಮೊದಲೇ ಕೊಡಬೇಕು.

ಪ್ರಣಿತಾ ಪೇಟಿಯ ಮುಂದೆ ಕೂತು ಚೀಟಿಯ ಕ್ರಮದಂತೆ ನುಡಿಸಿದಳು. ಮೊದಲ ಸುತ್ತು ಮುಗಿಯಿತು. ಅಧ್ಯಕ್ಷರು ಗದ್ದಕ್ಕೆ ಕೈ ಕೊಟ್ಟರು. ಕೈಲಾಶ ತಲೆದೂಗಿದರು, ತಾಳವಿಲ್ಲದ್ದಕ್ಕೆ ಎಲ್ಲಿ ತೂಗಬೇಕೆಂದು ತಿಳಿಯದೆ ಒಂದೇ ಸಮನೆ ತೂಗಿದರು. ಎರಡನೆಯ ಸುತ್ತಿಗೆ ಹುಡುಗಿಯರು ದನಿಗೂಡಿಸಿದರು. ಹಿಂದಿನ ಸಾಲಿನಲ್ಲಿ ಪಿಸುಮಾತು.

"ಪಾಪ, ಪೋರಿಗಿ ಸೂರ ಸಿಗವಲ್ದು."

"ಅಂಜ್ಯಾಳ. ಸಾಹೇಬರು ಮುಂದ ಕುಂತಾರಲ್ಲ."

"ಕೊಡ್ರೋ ಅದಕ ಸೂರ," ಎಂದ ಹಾವಗೆಪ್ಪ.

ಹದಿನೈದು ಗಂಟಲುಗಳಿಂದ ತಗ್ಗಿನ ದನಿಯಲ್ಲಿ, ಗೋಡೆಯೊಳಗಿಂದ ಬಂದಂತೆ, ಸಾ ಬಂತು. ಚಟ ಬಿಡದೆ ಫೋನಿನಲ್ಲಿ ಅಳೆದೆ. ೧೩೮ ಹರ್ಟ್ಜ್, ಪೇಟಿಯವರ ಮಾತಿನಲ್ಲಿ ಕಾಳಿ ಒಂದು, ಮೊದಲ ಕಪ್ಪು ಪಟ್ಟಿ. ಅದು ಒಂದಿಷ್ಟೂ ಅಲುಗಾಡಲಿಲ್ಲ. ಪ್ರಾಚಾರ್ಯರು ಹಿಂದಕ್ಕೆ ತಿರುಗಿ, ನಿಲ್ಲಿಸಿ ಎಂದು ಕೈ ಬೀಸಿದರು. ಮಂಡಳಿಯವರು ಅದನ್ನು 'ಇನ್ನಷ್ಟು' ಎಂದು ತಿಳಿದರು.

ಆಮೇಲೆ ಆದದ್ದನ್ನು ನಾನು ಭೌತಶಾಸ್ತ್ರದಿಂದ ಅರ್ಧ ಮಾತ್ರ ವಿವರಿಸಬಲ್ಲೆ. ಆಧಾರ ಸಿಕ್ಕ ಕೂಡಲೇ, ಅಲ್ಲಿಯತನಕ ದಿಕ್ಕೆಟ್ಟಿದ್ದ ಸ್ವರಗಳು ತಮ್ಮ ಅಂತರ ಹೇಳತೊಡಗಿದವು. ಕೆಲವು ಕೆಟ್ಟದಾಗಿಯೇ ಹೇಳಿದವು. ಆದರೆ ಮೂರು ಪಟ್ಟಿಗಳು ಆಕಸ್ಮಿಕವಾಗಿ ಆ ಸಾ ಸ್ವರಕ್ಕೆ ಹೊಂದುತ್ತಿದ್ದವು. ಪ್ರಣಿತಾಳ ಬೆರಳು ಅವನ್ನು ಹುಡುಕಿಕೊಂಡಿತು. ಅವಳು ಚೀಟಿಯ ಕಡೆ ನೋಡಿದಳು, ಪ್ರಾಚಾರ್ಯರ ಕಡೆ ನೋಡಿದಳು, ಆಮೇಲೆ ಹುಡುಗಿಯರ ಕಡೆ. ಚೀಟಿಗಳನ್ನು ಮಡಚಿ ತೊಡೆಯ ಕೆಳಗಿಟ್ಟಳು. ಸೌಂದರ್ಯಾ ಭಾತಂಬ್ರಾದಲ್ಲಿ ನಸುಕಿಗೆ ಹಾಡುವ ಒಂದು ಪದ ಎತ್ತಿಕೊಂಡಳು. ಉಳಿದವರು ಹಿಂದೆ ಬಂದರು. ಹದಿನೈದು ಗಂಡಸರು ಹಿಂದೆ ಕೂತು ಸೂರ ಹಿಡಿದಿದ್ದರು, ಪೇಟಿ ಹೆಣ್ಣಿನ ಕೈಯಲ್ಲಿತ್ತು. ಇದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ, ಸೌಂದರ್ಯಾಳ ಹೊರತು.

ಮುಗಿದಾಗ ಪ್ರಾಚಾರ್ಯರ ಅಂಗಿ ಬೆನ್ನಿಗೆ ಅಂಟಿತ್ತು. "ಮುಗೀತು," ಎಂದು ನನಗೆ ಹೇಳಿದರು. "ಷಡ್ಜ ಬಂದೇಬಿಡ್ತು."

ಹತ್ತು ದಿನಕ್ಕೆ ವರದಿ ಬಂತು. 'ನಿರಾಧಾರ ಸಂಗೀತಕ್ಕೂ ಸ್ಥಳೀಯ ಸಮುದಾಯಕ್ಕೂ ನಡುವೆ ಪೂರ್ವಯೋಜಿತ ಸಂವಾದವನ್ನು ಏರ್ಪಡಿಸಿದ್ದು ಶ್ಲಾಘನೀಯ. ವಿಭಾಗವನ್ನು ಮುಂದುವರಿಸಬೇಕು. ಅಪರೂಪದ ಈ ವಾದ್ಯವನ್ನು ಯಾವುದೇ ದುರಸ್ತಿಗೆ ಒಳಪಡಿಸದೆ ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳಬೇಕು.'

ಪೇಟಿಯ ಮೇಲೆ 'ದುರಸ್ತಿ ನಿಷೇಧಿಸಿದೆ' ಎಂಬ ಫಲಕ ಬಂತು. ವಿಭಾಗ ಉಳಿಯಿತು. ಉಳಿದ ವಿಭಾಗದಲ್ಲಿ ಏನು ಕಲಿಸುವುದೆಂದು ತಿಳಿಯದೆ ಪ್ರಣಿತಾ ನನ್ನ ಪ್ರಯೋಗಾಲಯಕ್ಕೆ ಬಂದಳು. ಅಷ್ಟು ದಿನ ಹಾವಗೆಪ್ಪ ಗಂಟೆ ಬಾರಿಸಿದ ಮೇಲೆ ತರಗತಿಯ ಬಾಗಿಲಲ್ಲಿ ಕೂತು ಸಾ ಹಿಡಿಯುತ್ತಿದ್ದ. ಪ್ರಾಚಾರ್ಯರು ಬೆಲ್ ಒತ್ತಿದಾಗಲೆಲ್ಲ ಸಾ ಎದ್ದು ಹೋಗಿಬಿಡುತ್ತಿತ್ತು.

"ಹಾವಗೆಪ್ಪ ಕಾಕಾ ಮಾರ್ಚಿನಾಗ ರಿಟೈರ್ ಆಗ್ತಾರ್ರಿ ಸರ್," ಎಂದಳು. "ಆಮ್ಯಾಲ ಸಾ ಯಾರ್ ಆಗ್ತಾರ? ನೀವು ಬರದ ಕಾಗದದಿಂದ ಇಷ್ಟೆಲ್ಲಾ ಆಗ್ಯಾದ. ಇನ್ನೊಂದು ಬರಿರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸ ಒಪ್ಪಿಸುವ ದನಿ ಅದು. ನಾನು ಬರೆದೆ. ವಿಷಯ: ಪೇಟಿಯ ಸ್ಥಿತಿ ಕಾಯ್ದುಕೊಳ್ಳುವ ಕುರಿತು. 'ಸದರಿ ವಾದ್ಯದ ಸ್ಥಿತಿಯು ಹವಾಮಾನದಿಂದ ತಾನಾಗಿ ಬದಲಾಗುವ ಸಂಭವವಿರುವುದರಿಂದ, ಈ ಹಿಂದೆ ಪರೀಕ್ಷಿಸಿದ ತಜ್ಞರಿಂದಲೇ ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವುದು ಸೂಕ್ತ.' ಪ್ರಾಚಾರ್ಯರು ಎರಡು ಸಲ ಓದಿ, "ಸೈಂಟಿಫಿಕ್ ಅದ," ಎಂದು ಸಹಿ ಹಾಕಿದರು.

ಮಕ್ಬೂಲ ಸಾಹೇಬರು ತಿಂಗಳಿಗೊಮ್ಮೆ ಬೀದರಿನಿಂದ ಬರತೊಡಗಿದರು. ಫಲಕಕ್ಕೆ ಸಲಾಂ ಹೊಡೆದು, ಬಾಗಿಲು ಮುಚ್ಚಿಕೊಂಡು, ಸ್ಥಿತಿ ಕಾಯುತ್ತಿದ್ದರು. ರೀಡಿನ ತುದಿ ಕೆರೆದರೆ ಸೂರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದು ಸಲಕ್ಕೆ ಎರಡೋ ಮೂರೋ ಸ್ವರ, ಅದಕ್ಕಿಂತ ಹೆಚ್ಚಿಲ್ಲ.

"ಒಮ್ಮಿಗೇ ಎಲ್ಲಾ ನೆಟ್ಟಗ ಆದ್ರ ಪ್ರಿನ್ಸಿಪಾಲ ಸಾಹೇಬ್ರಿಗಿ ಗೊತ್ತಾಗ್ತದ," ಎನ್ನುತ್ತಿದ್ದರು. "ಸಂಬಂಧ ನಿಧಾನಕ್ಕ ಬೆಳಸಬೇಕು."

ಫೆಬ್ರುವರಿಯ ಒಂದು ಮಧ್ಯಾಹ್ನ ಹನ್ನೊಂದನೆಯ ಸ್ವರ ಸರಿಹೋಯಿತು. ಪ್ರಣಿತಾ ಪೇಟಿಯ ಮುಂದಿನಿಂದ ಎದ್ದು ಸೌಂದರ್ಯಾಳನ್ನು ಕೂರಿಸಿದಳು. ಬಾಗಿಲಲ್ಲಿ ಸಾ ಹಿಡಿಯಲು ಬಾಯಿ ತೆರೆದ ಹಾವಗೆಪ್ಪ, ಒಂದು ಕ್ಷಣ ಕೇಳಿ, ಬಾಯಿ ಮುಚ್ಚಿ, ಎದ್ದು ತನ್ನ ಸ್ಟೂಲಿಗೆ ಹೋದ. ಇನ್ನು ತನ್ನ ಕೆಲಸವಿಲ್ಲ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಅದಾದ ಸ್ವಲ್ಪ ಹೊತ್ತಿಗೆ ನಾನು ಯಾವುದೋ ಸಹಿಗೆಂದು ಪ್ರಾಚಾರ್ಯರ ಕೋಣೆಯಲ್ಲಿದ್ದೆ. ಕಾರಿಡಾರಿನ ಆಚೆಯಿಂದ ಸೌಂದರ್ಯಾಳ ಪೇಟಿಯ ದನಿ ತೇಲಿ ಬರುತ್ತಿತ್ತು. ಅವರು ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಬೆರಳಿನಿಂದ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕಿದರು.

"ಖರೇ ಹೇಳಬೇಕಂದ್ರ, ಮೊದಲ ನನಗೂ ಏನೂ ತಿಳೀತಿರ್ಲಿಲ್ರಿ," ಎಂದರು. "ದಿನಾ ಕೇಳಿ ಕೇಳಿ ಈಗೀಗ ಅಟೋನಲ್ ರುಚಿ ಹತ್ತಲಕತ್ಯಾದ."

ಸಹಿಯಾದ ಕಾಗದ ತೆಗೆದುಕೊಂಡು ನಾನು ಹೊರಗೆ ಬಂದೆ.